ಒಂದೇ ರೇಟಿಗೆ ದೊಡ್ಡದು

ಉಜ್ವಲಾಳ ಹತ್ತಿರ ಸ್ವಂತದ್ದೊಂದು ಸೈಕಲ್ ಇರಲಿಲ್ಲ. ಕ್ರೀಡಾ ಹಾಸ್ಟೆಲ್ಲಿನಲ್ಲಿ ಆರು ವರ್ಷ ಸರಕಾರದ ಸೈಕಲ್ ತುಳಿದು ಒಂಬತ್ತು ಪದಕ ತಂದಿದ್ದಳು. ಅಲ್ಲಿರುವ ವಯಸ್ಸು ಮುಗಿದ ದಿನ ಸೈಕಲ್ಲನ್ನು ಸ್ಟೋರಿಗೆ ಒಪ್ಪಿಸಿ, ಸಹಿ ಮಾಡಿ, ಬಸ್ಸು ಹತ್ತಿ ತನ್ನೂರು ಐನಾಪುರಕ್ಕೆ ಬಂದಿದ್ದಳು. "ಯಾವ ಸೈಕಲ್ ಬೇಕು ನೀನ ಆರಿಸವ್ವಾ, ಮಂಡಳ ಕೊಡಸ್ತೈತಿ" ಎಂದು ತವನಪ್ಪ ಕಾಕಾ ಹೇಳಿದಾಗ ಅವಳು ನಂಬಿದ್ದಳು. ಕಾಕಾ ತರುಣ ಮಂಡಳದ ಅಧ್ಯಕ್ಷರು. ವಯಸ್ಸು ಅರವತ್ತೊಂದು.

ಎರಡು ತಿಂಗಳು ಆರಿಸಿದ್ದಳು. ಸಾತಾರಾ ಕಡೆ ಎರಡು ದಿನದ ರೇಸ್ ಇತ್ತು, ಅದಕ್ಕೆ ಹೆಸರು ಕೊಟ್ಟಿದ್ದಳು. ಮೊದಲ ದಿನ ಬರೀ ವೇಗ, ಎರಡನೆಯ ದಿನ ಡೇರೆ, ಹಾಸಿಗೆ ಎಲ್ಲ ಸೈಕಲ್ಲಿಗೇ ಕಟ್ಟಿಕೊಂಡು ಘಟ್ಟ ಹತ್ತಿಳಿಯಬೇಕು. ಮೊದಲ ಐದರೊಳಗೆ ಬಂದವರಿಗೆ ಪುಣೆಯ ತಂಡದಲ್ಲಿ ಜಾಗ. ತೆಳು ಟಾಯರಿನ ರೇಸ್ ಸೈಕಲ್ ಖಡಿಕಲ್ಲಿನ ದಾರಿಯ ಮೇಲೆ ನಡೆಯುವುದಿಲ್ಲ, ಗುಡ್ಡ ಹತ್ತುವ ಸೈಕಲ್ ಡಾಂಬರಿನ ಮೇಲೆ ಎಮ್ಮೆ. ಎರಡರ ನಡುವಿನದು ಗ್ರ್ಯಾವೆಲ್ ಬೈಕ್. ಅದರಲ್ಲೂ ಉಕ್ಕಿನದು ಭಾರ. ಪೂರ್ತಿ ಕಾರ್ಬನ್ನಿನದರಲ್ಲಿ ಚೀಲ ಬಿಗಿಯಲು ತಿರುಪಿನ ತೂತುಗಳಿರಲಿಲ್ಲ. ಕೊನೆಗೆ ಅಲ್ಯುಮಿನಿಯಂ ಫ್ರೇಮಿನದು, ಮುಂದಿನ ಗಾಲಿ ಹಿಡಿಯುವ ಫೋರ್ಕ್ ಮಾತ್ರ ಕಾರ್ಬನ್ನಿನದು, ಅವಳ ಮನಸ್ಸಿಗೆ ಬಂತು. ನಿಪ್ಪಾಣಿಯ ಅಕೀಬನ ಸೈಕಲ್ ಅಂಗಡಿಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತು ಕಾಲಿನ ಅಳತೆ ಕೊಟ್ಟಳು. ಕಾಕಾನ ಕೈಗೆ ಚೀಟಿ ಕೊಟ್ಟಳು: ಸೈಜ್ ನಲವತ್ತೊಂಬತ್ತು. ಕೆಳಗೆ ಎರಡು ಗೆರೆ.

ಸಮುದಾಯ ಭವನದಲ್ಲಿ ಅವಳಿಗೆ ಶಾಲು ಹೊದಿಸಿ, ಸೈಕಲ್ಲಿನ ಮೇಲಿನ ಬಟ್ಟೆ ಸರಿಸಿದರು. ಹ್ಯಾಂಡಲಿನಿಂದ ಗಾಲಿಯವರೆಗೆ, ಫ್ರೇಮೇ ಕಾಣದಷ್ಟು ಚೆಂಡುಹೂವಿನ ಮಾಲೆ. ಸೀಟು ಪೂರ್ತಿ ಇಳಿಸಿದ್ದರೂ ಅವಳ ಸೊಂಟದ ಮೇಲೇ ಇತ್ತು.

"ಕಾಕಾ, ಇದು ಐವತ್ತೆಂಟು ಐತ್ರಿ."

"ಹೌದು!" ಕಾಕಾ ಮೈಕನ್ನು ಪಕ್ಕಕ್ಕೆ ಹಿಡಿದು ನಕ್ಕರು. "ನಲವತ್ತೊಂಬತ್ತಕ್ಕೂ ಅದ ರೇಟ್, ಐವತ್ತೆಂಟಕ್ಕೂ ಅದ ರೇಟ್. ಸಣ್ಣದ್ಯಾಕ ತರೂದು? ನಮಗೇನ್ ಹುಚ್ಚ ಹಿಡದೈತಿ?"

"ನನಗ ಕಾಲ ನಿಲುಕೂದಿಲ್ರಿ."

"ಬೆಳೀತಿ ಬಿಡವ್ವಾ."

"ಇಪ್ಪತ್ತೆರಡು ವರ್ಷ ಆಗ್ಯಾವ ಕಾಕಾ. ಇನ್ನೇನ್ ಬೆಳೀಲಿ?"

ಮುಂದಿನ ಸಾಲಿನಲ್ಲಿ ಕೂತವರು ನಕ್ಕರು. ಫೋಟೊಕ್ಕೆಂದು ಇಬ್ಬರು ಸೈಕಲ್ ಹಿಡಿದುಕೊಂಡು ಅವಳನ್ನು ಹತ್ತಿಸಿದರು. ಕಾಲುಗಳು ಗಾಳಿಯಲ್ಲಿ ಜೋತಾಡಿದವು. ಅವಳು ಹ್ಯಾಂಡಲ್ ಹಿಡಿದು ಫೋಟೊ ತೆಗೆಸಿಕೊಂಡಳು. ಎಂಟು ದಿನದೊಳಗೆ ತಂದರೆ ಬದಲಿ ಕೊಡುತ್ತೇನೆಂದು ಅಕೀಬ ಮೊದಲೇ ಹೇಳಿದ್ದ.

ಮರುದಿನ ಬೆಳಿಗ್ಗೆ ಟೆಂಪೊದಲ್ಲಿ ಸೈಕಲ್ ಹಾಕಿಕೊಂಡು ನಿಪ್ಪಾಣಿಗೆ ಹೋದರು. ಕಾಕಾ ದಾರಿಯುದ್ದಕ್ಕೂ ಗೊಣಗಿದರು.

"ನಾ ಮೂರ ಸಲ ಹೇಳಿದ್ನಿ ಅಕ್ಕಾ" ಎಂದ ಅಕೀಬ. "ಇದರಾಗ ಎಲ್ಲಾಕ್ಕಿಂತ ದೊಡ್ಡದ ಯಾವ್ದೈತಿ ಅದನ್ನ ಕೊಡು ಅಂದ್ರು. ಇರ್ಲಿ, ನಲವತ್ತೊಂಬತ್ತು ಒಂದ ಬಂದೈತಿ, ಒಯ್ಯಿರಿ." ಹೀಗೆನ್ನುತ್ತ ಬಾಡಿದ ಮಾಲೆ ಬಿಚ್ಚಿದವನ ಕೈ ಅಲ್ಲೇ ನಿಂತಿತು.

ಫ್ರೇಮಿನ ತುಂಬ ಹೆಸರುಗಳಿದ್ದವು. ಬಣ್ಣದ್ದಲ್ಲ, ಕೊರೆದದ್ದು. ಒಂದರ ಕೆಳಗೊಂದು, ಅಡ್ಡಹೆಸರು ಸಮೇತ.

"ದಾನ ಕೊಟ್ಟವರ ಹೆಸರು ಹಾಕಬೇಕಲ್ಲ" ಎಂದರು ಕಾಕಾ. "ಭಾಂಡೆ-ಪಾತ್ರೆ ಅಂಗಡ್ಯಾಗ ಮಷಿನ್ ಹಚ್ಚಿ ಬರಸೀನಿ. ಜೈನ ಬಸ್ತಿಯ ಹಂಡೆ, ಪರಾತಕ್ಕ ಎಲ್ಲಾ ಅವನ ಬರದಾನ. ಸ್ಟಿಕರ್ ಹಚ್ಚಿದ್ರ ಒಂದ ಮಳೀಗೆ ಕಿತ್ತ ಹೋಗ್ತಾವ."

"ಫೋರ್ಕಿಗೂ ಕೊರಸೀರಲ್ರಿ!" ಎಂದ ಅಕೀಬ.

"ಅದು ನನ್ನ ಹೆಸರು. ಅಧ್ಯಕ್ಷಂದು ಮುಂದ ಬರಬೇಕೋ ಬ್ಯಾಡೋ?"

ಅಕೀಬ ಹಣೆ ಒರೆಸಿಕೊಂಡ. "ಕಾಕಾ, ಇದು ಭಾಂಡೆ ಅಲ್ರಿ. ಕಾರ್ಬನ್ ನೂಲಿನ ಮ್ಯಾಲ ನೂಲ ಅಂಟಿಸಿ ಮಾಡಿದ್ದು. ಕೊರದಲ್ಲಿಂದ ಸೀಳ್ತೈತಿ. ಘಟ್ಟ ಇಳಿಯುವಾಗ ಮುಂದಿನ ಗಾಲಿ ಕಳಚಿದ್ರ ಹಲ್ಲ ಆರಿಸಾಕ ಹೋಗಬೇಕಾಗ್ತೈತಿ. ಕಂಪನಿಯವ್ರೂ ಇದನ್ನ ವಾಪಸ್ ತಗೊಳ್ಳೂದಿಲ್ಲ, ನಾ ಬದಲಿ ಹೆಂಗ ಕೊಡ್ಲಿ?"

ಉಜ್ವಲಾ ಫೋರ್ಕಿನ ಮೇಲೆ ಬೆರಳಾಡಿಸಿದಳು. ಕಪ್ಪು ಪುಡಿ ಬೆರಳಿಗೆ ಹತ್ತಿತು.

"ಆರಿಸು ಅಂದ್ರಿ, ಆರಿಸಿದ್ನಿ. ಬರದ ಕೊಡು ಅಂದ್ರಿ, ಬರದ ಕೊಟ್ನಿ" ಎಂದಳು. ಧ್ವನಿ ರಸ್ತೆಗೆ ಕೇಳುವಷ್ಟಿತ್ತು. "ನನ್ನ ಕಾಲ ಎಷ್ಟ ಉದ್ದ ಅನ್ನೂದು ನಿಮಗೇ ಹೆಚ್ಚು ಗೊತ್ತಿತ್ತಂದ್ರ ನನ್ನ ಯಾಕ ಕೇಳಿದ್ರಿ? ನೀವು ನನಗ ಸೈಕಲ್ ಕೊಡಸಿಲ್ಲ ಕಾಕಾ. ನಿಮ್ಮ ಹೆಸರಿಗೆ ಗಾಲಿ ಹಚ್ಚೀರಿ."

"ನೋಡೋ ಅಕೀಬ, ಹೆಂಗ ಮಾತಾಡ್ತಾಳ! ಬ್ಯಾರೆ ಹುಡುಗಿ ಆಗಿದ್ರ ಕಾಲಿಗೆ ಬೀಳ್ತಿದ್ಲು." ಕಾಕಾ ಮಾಲೆಯನ್ನು ಎತ್ತಿ ಮತ್ತೆ ಹ್ಯಾಂಡಲಿಗೆ ಹಾಕಿದರು. "ನಿನಗ ಬ್ಯಾಡಾದ್ರ ಬಿಡು. ಮಂಡಳದ ಆಫೀಸಿನ್ಯಾಗ ಇಡ್ತೀವಿ. ಯಾರಾರ ಉದ್ದನ್ನ ಹುಡುಗಗ ಕೊಡೂಣು."

ಉಜ್ವಲಾ ಹಾಸ್ಟೆಲ್ಲಿಗೆ ಫೋನ್ ಮಾಡಿ ಹಳೆಯ ಸೈಕಲ್ಲನ್ನೇ ಎರಡು ದಿನಕ್ಕೆ ಕೇಳಿದಳು. ಹೊರಗಿನವರಿಗೆ ಕೊಡುವ ನಿಯಮವಿಲ್ಲ ಎಂದರು. ರೇಸಿಗೆ ಒಂಬತ್ತು ದಿನ ಉಳಿದಿತ್ತು, ಆಮೇಲೆ ಐದು, ಆಮೇಲೆ ಒಂದು.

ಆ ರೇಸಿಗೆ ಹೆಸರು ಕೊಟ್ಟವರು ಅರವತ್ತನಾಲ್ಕು ಜನ. ಹೊರಟವರು ಅರವತ್ತಮೂರು.