ಬದುವಿನಾಚೆ ಒಗೆದದ್ದು

ಪಾಲಾಕ್ಷಪ್ಪ ಜೋಳದ ದಂಟನ್ನು ಸೀಳಿದ. ಒಳಗೆ ಬಿಳಿ ಬೂಷ್ಟು, ಜೇಡನ ಬಲೆಯ ಹಾಗೆ. ಎಲೆಯ ಮೇಲೆ ಹುಳಗಳು ಹಿಟ್ಟಿನಲ್ಲಿ ಹೊರಳಿದಂತೆ ಬೆಳ್ಳಗಾಗಿ, ಕಚ್ಚಿಕೊಂಡೇ ಸತ್ತಿದ್ದವು.

"ಮಾಟ," ಎಂದ, ಹೆಂಡತಿ ಜೋಗಮ್ಮನಿಗೆ.

ಮಾಡಿಸಿದವರು ಯಾರೆಂದು ಹೇಳಬೇಕಿರಲಿಲ್ಲ. ಬದುವಿನಾಚೆ ತೀರಿಹೋದ ತಮ್ಮನ ಹೆಂಡತಿ ಗಾದೆಮ್ಮ ಒಬ್ಬಳೇ ಕಳೆ ತೆಗೆಯುತ್ತಿದ್ದಳು. ಈ ವರ್ಷದ ಬೆಳೆ ಹೋದರೆ ಅವಳು ತೆಲಿಗಿಯ ತವರಿಗೆ ಹೋಗಬೇಕು. ಆಗ ಆ ಹೊಲ ಪಾಲಾಕ್ಷಪ್ಪನದಾಗುತ್ತದೆ. ಕೋಗಳಿಯ ಜನ ಅದನ್ನು ಆಡಿಕೊಳ್ಳುತ್ತಿದ್ದರು. ಅವನು ದಿನಾ ನೆನೆಯುತ್ತಿದ್ದ.

ಅಂಥ ಗಿಡಗಳು ಅಲ್ಲಲ್ಲಿ ಸಿಕ್ಕವು. ಡಿಡಿಟಿ ಪುಡಿಗೂ ಜಗ್ಗದ ಹುಳ ಉಳಿದ ಗಿಡಗಳನ್ನೆಲ್ಲ ಜರಡಿ ಮಾಡಿತ್ತು. ಬೂಷ್ಟು ಹಿಡಿದವುಗಳ ಎಲೆಗಳು ಮಾತ್ರ ಇಡಿಯಾಗಿದ್ದವು. ಹುಳವೂ ಹೆದರುವ ಮಾಟವೆಂದರೆ ಎಂಥದ್ದಿರಬೇಕು!

ಪರಿಹಾರವನ್ನು ಜೋಗಮ್ಮನೇ ತಂದಳು. ಸೇದುವ ಬಾವಿಯ ಹತ್ತಿರ, ನೀರಿಗೆ ಬಂದಿದ್ದ ಓಣಿಯ ಈರಕ್ಕ ಹೇಳಿದಳಂತೆ: ಇಂಥದ್ದನ್ನು ಸುಡಬಾರದು, ಹೂಳಬಾರದು. ಬೇರು ಸಮೇತ ಕಿತ್ತು ಮಾಡಿದವರ ಹೊಲಕ್ಕೇ ಒಗೆದು, ತಿರುಗಿ ನೋಡದೆ ಬರಬೇಕು.

ಬುಟ್ಟಿ ಹೊತ್ತು ಬಂದವನನ್ನು ಕಂಡು ಗಾದೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಕುಲುಕುತ್ತಿದ್ದವು.

"ಏನರ ಮಾಡ್ರಿ ಬಾವಾರ. ನನ್ನ ಹೊಲಕ್ಕ ಮಾತ್ರ ಒಗೀಬ್ಯಾಡ್ರಿ."

"ಮಾಡಿದಾಕೀನ ಉಣ್ಲಿ," ಎಂದು ಬುಟ್ಟಿಯನ್ನೂ ಅಲ್ಲೇ ಒಗೆದು ನಡೆದ. ತಿರುಗಿ ನೋಡಲಿಲ್ಲ. ಮರುದಿನದಿಂದ ತನ್ನ ಹೊಲದಲ್ಲಿ ಒಂದು ಬಿಳಿ ಹುಳವೂ ಉಳಿಯದಂತೆ ಆರಿಸಿ ಆರಿಸಿ ತಂದು ಸುರಿದ. ಒಮ್ಮೆಯೂ ತಿರುಗಿ ನೋಡಲಿಲ್ಲ.

ಮಘೆ ಮಳೆಯ ಹಿಂದೆಯೇ ಹುಳ ಮತ್ತೆ ಎದ್ದಿತು. ಪಾಲಾಕ್ಷಪ್ಪನ ಹೊಲದಲ್ಲಿ ನಿಂತದ್ದು ಬರೀ ದಂಟು. ತನ್ನದೇ ಹೀಗಾದರೆ ಮಾಟ ಬಿದ್ದ ಹೊಲ ಏನಾಗಿರಬೇಕು? ಅದೊಂದೇ ಸಮಾಧಾನ. ನೋಡಲೆಂದು ಬದು ದಾಟಿದ.

ಆಳೆತ್ತರದ ಜೋಳ ಗಾಳಿಗೆ ತೂಗುತ್ತಿತ್ತು. ಎಲೆ ಎಲೆಗೂ ಬೆಳ್ಳಗೆ ಸತ್ತ ಹುಳ. ಸಾಲಿನ ತುದಿಯಲ್ಲಿ ಬೂಷ್ಟು ನೆನೆಹಾಕಿದ ಗಡಿಗೆಗಳು. ಒಂದು ದಂಟು ಸೀಳಿದ. ಒಳಗೆ ಅದೇ ಬಿಳಿ.

ಗಾದೆಮ್ಮ ತೊಳೆದಿಟ್ಟ ಬುಟ್ಟಿಯನ್ನು ಅವನ ಕೈಗಿಟ್ಟಳು. ತೆಲಿಗಿಯಲ್ಲಿ ಅವಳಪ್ಪ ಇಂಥ ಗಡಿಗೆಯ ನೀರನ್ನು ಬೇರಿಗೆ ಹೊಯ್ಯುತ್ತಿದ್ದನಂತೆ. ಬೂಷ್ಟು ಗಿಡದೊಳಗೇ ಮನೆ ಮಾಡಿದರೆ, ಕಚ್ಚಿದ ಹುಳ ಉಳಿಯುವುದಿಲ್ಲವಂತೆ.

"ಒಗೆದು ತಿರುಗಿ ನೋಡಬಾರ್ದು ಅಂತ ಈರಕ್ಕಗ ಹೇಳಿಕೊಟ್ಟಾಕಿ ನಾನ ರೀ, ಬಾವಾರ."