ಆರದ ಹಳದಿ ದೀಪ

ಮೂರು ಚಕ್ರದ ಮೋಟಾರ್ ಸೈಕಲ್ಲನ್ನು ಚಾಲೂ ಮಾಡಿದಾಗಿನಿಂದ ಅದರ ಹ್ಯಾಂಡಲ್ ನಡುವಿನ ಫಲಕದಲ್ಲಿ ಒಂದು ಹಳದಿ ದೀಪ ಆರದೆ ಉರಿಯುತ್ತಿತ್ತು. ಮೆಕ್ಯಾನಿಕ್ಕನನ್ನು ಕೇಳಲು ಸಾಕಮ್ಮನ ಗಂಡನಿಗೆ ಅಂಜಿಕೆ. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲೇ ಇದೆಯಲ್ಲ, ಓದಿಕೊಳ್ಳಿ ಎಂದುಬಿಟ್ಟರೆ? ಅವನಿಗೆ ಅಕ್ಷರ ಬಾರದೆಂಬುದು ಊರಿನಲ್ಲಿ ಹೆಂಡತಿ ಸಾಕಮ್ಮನೊಬ್ಬಳಿಗೇ ಗೊತ್ತು. ಗೊತ್ತಿರುವ ತಪ್ಪಿಗೇ ಅವಳು ವಾರಕ್ಕೆರಡು ಸಲ ಒದೆ ತಿನ್ನುತ್ತಿದ್ದಳು.

“ಬೇಗ ಓದೇ. ನಾನು ಕಟ್ಕೊಳ್ಳೋ ಹೆಂಗ್ಸು ಘಟ್ಟದ ಮೇಲೆ ಕಾಯ್ತಾ ಅವ್ಳೆ. ಇವತ್ತಿಂದ ಈ ಮನೆ ಅವಳ್ದು. ನೀನು ಕೊಟ್ಟಿಗೇಲಿ ಬಿದ್ಕೋ.”

ಸಾಕಮ್ಮ ಪುಸ್ತಕ ಬಿಡಿಸಿದಳು. ದೀಪ ಮಿನುಗಿದರೆ, ಗಾಡಿ ಉರುಳದಂತೆ ಯಂತ್ರ ಹಿಡಿದುಕೊಳ್ಳುತ್ತಿದೆ ಎಂದು ಅರ್ಥ. ಒಂದೇ ಸಮನೆ ಉರಿದರೆ ಆ ಯಂತ್ರ ಕೆಟ್ಟಿದೆ; ತಿರುವಿನಲ್ಲಿ ವೇಗ ಬೇಡ, ಗಾಡಿ ಮಗುಚೀತು. ಹಾಗೆಂದು ಅಚ್ಚಾಗಿತ್ತು.

“ಹಿಂಗೆ ಉರೀತಿದ್ರೆ ಎಲ್ಲಾ ಸರಿಯಾಗೈತೆ ಅಂತ ಕಣ್ರೀ,” ಎಂದಳು. “ಎಷ್ಟು ಜೋರಾಗಿ ತಿರುಗಿಸಿದ್ರೂ ಬೀಳಕ್ಕಿಲ್ವಂತೆ.”

ಅವನು ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದ.

“ನಿನ್ನ ಹೆಂಗೆ ನಂಬ್ಲಿ? ನೀನೂ ಹಿಂದೆ ಹತ್ಕೋ. ವಾಪಸ್ ಬರುವಾಗ ಅವಳು ಕೂತ್ಕೋತಾಳೆ, ನೀನು ನಡ್ಕೊಂಡು ಬಾ.”

ಸಾಕಮ್ಮ ಒಳಗೆ ಹೋಗಿ ಒಲೆ ಆರಿಸಿದಳು. ಕೊಟ್ಟಿಗೆಯಲ್ಲಿದ್ದ ಹಸುವಿನ ಹಗ್ಗ ಬಿಚ್ಚಿಬಿಟ್ಟಳು. ಬೀಗ ಹಾಕಿ, ಬೀಗದ ಕೈಯನ್ನು ಪಕ್ಕದ ಮನೆಯವಳಿಗೆ ಕೊಟ್ಟು ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು.

“ಪಾಪ, ಕಾಯ್ತಾ ಅವ್ಳೆ,” ಎಂದಳು. “ತಿರುವಲ್ಲೂ ನಿಧಾನ ಮಾಡ್ಬೇಡಿ.”