ಮೊದಲನೇ ಪ್ರಶ್ನೆ

"ನಿನ್ನ ರಬ್ ಯಾರು?"

ಹಳೇ ಲಾರಿ ಏರು ಹತ್ತುವಾಗ ಹೊರಡಿಸುವಂಥ ದನಿಯಲ್ಲಿ ಮೆಕ್ಯಾನಿಕ್ ಕೇಳಿದ. ಎದುರಿನ ಕುರ್ಚಿಯಲ್ಲಿ ಕೂತಿದ್ದ ಅವನ ಭಾವ, ನಿವೃತ್ತ ಹೆಡ್‌ಮೇಷ್ಟ್ರು, ಕನ್ನಡಕ ಮೇಲೇರಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಮೊದಲು ಎದ್ದು ನಿಂತು ಮಾತಾಡು. ಶರ್ಟಿನ ಗುಂಡಿ ಹಾಕ್ಕೋ."

ಮೆಕ್ಯಾನಿಕ್ ತೆಪ್ಪಗೆ ಎದ್ದು ಗುಂಡಿ ಹಾಕಿಕೊಂಡ. ಬಾಗಿಲ ಬಳಿ ಬಟಾಣಿ ಸುಲಿಯುತ್ತಿದ್ದ ಮೇಷ್ಟ್ರ ಹೆಂಡತಿಗೆ, ಅವನ ಅಕ್ಕನಿಗೆ, ನಗು ಉಕ್ಕಿ ಬಂತು. ಬಂದಷ್ಟೇ ಬೇಗ ಇಂಗಿಹೋಯಿತು. ಮಣ್ಣು ಮಾಡಿ ಜನ ಬೆನ್ನು ತಿರುಗಿಸಿದ ಮೇಲೆ, ಗೋರಿಯೊಳಗೆ ಇಬ್ಬರು ದೇವದೂತರು ಬಂದು ಕೇಳುವುದು ಮೂರೇ ಪ್ರಶ್ನೆ: ನಿನ್ನ ರಬ್ ಯಾರು, ನಿನ್ನ ದೀನ್ ಯಾವುದು, ನಿನ್ನ ನಬಿ ಯಾರು. ಒಡೆಯ ಯಾರು, ಧರ್ಮ ಯಾವುದು, ಪ್ರವಾದಿ ಯಾರು ಅಂತ. "ಪ್ರಶ್ನೆಪತ್ರಿಕೆ ಮೊದಲೇ ಬಯಲಾಗಿರೋ ಪರೀಕ್ಷೆ ಇದೊಂದೇ ಕಣ್ರಪ್ಪ. ಆದರೂ ಓದೋರಿಲ್ಲ" ಎಂದು ಮೇಷ್ಟ್ರು ಹಿಂದೆಲ್ಲ ಮದುವೆ ಪಂಕ್ತಿಯಲ್ಲಿ ಕೂತೇ ಹೇಳಿ, ಅಕ್ಕಪಕ್ಕದವರ ತುತ್ತು ಗಂಟಲಲ್ಲೇ ನಿಲ್ಲಿಸುತ್ತಿದ್ದರು. ಈ ದುನಿಯಾ ಪರೀಕ್ಷೆಯ ಹಾಲೇ ಹೊರತು ಕುಡಿದು ಮಲಗುವ ಹಾಲಲ್ಲ ಎಂಬುದೂ ಅವರದೇ ಮಾತು.

ಅಂಥವರ ನೆನಪೇ ಈಗ ತೂತುಬಿದ್ದ ಕೊಡ. ಮೊದಲು ಬೀದಿಯವರ ಹೆಸರು ಸೋರಿತು, ಆಮೇಲೆ ಮೊಮ್ಮಕ್ಕಳದ್ದು. ಮೊನ್ನೆ ಚಹಾ ಕೊಡಲು ಹೋದ ಹೆಂಡತಿಯನ್ನೇ, "ನೀವು ಯಾವ ಹುಡುಗನ ತಾಯಿ?" ಎಂದು ಬಹುವಚನದಲ್ಲಿ ವಿಚಾರಿಸಿಕೊಂಡರು. ಅದನ್ನು ಅವಳು ಹೇಗೋ ನುಂಗಿಕೊಂಡಳು. ನುಂಗಲಾಗದ್ದು ಒಂದೇ. ಹೀಗೇ ಹೋದರೆ ಅಲ್ಲಿ, ಆ ಕತ್ತಲಲ್ಲಿ, ಒಬ್ಬರೇ ಮಲಗಿ ಏನಂತ ಉತ್ತರ ಕೊಟ್ಟಾರು? ಪಕ್ಕದಲ್ಲಿ ತಾನೂ ಇರುವುದಿಲ್ಲ.

ಮೌಲ್ವಿಯವರನ್ನು ಕೇಳಿಬಂದಳು. ಅಲ್ಲಿ ಬಾಯಿಪಾಠ ನಡೆಯುವುದಿಲ್ಲಮ್ಮ, ಬಾಳಿದ ಬಾಳೇ ನಾಲಿಗೆ ಹೊರಳಿಸುತ್ತದೆ, ಹೆದರಬೇಡಿ ಎಂದರು ಅವರು. ಸರಿ ಎಂದು ತಲೆಯಾಡಿಸಿ ಮನೆಗೆ ಬಂದವಳೇ ತಮ್ಮನಿಗೆ ಫೋನು ಮಾಡಿದಳು. ಮೌಲ್ವಿಯವರ ಮಾತು ಮೌಲ್ವಿಯವರಿಗಿರಲಿ, ಅಭ್ಯಾಸ ಮಾಡಿಸಿದರೆ ಗಂಟೇನು ಹೋಗುತ್ತೆ?

ಅಂದಿನಿಂದ ತಮ್ಮ ಕೈಗೆ ಹತ್ತಿದ ಗ್ರೀಸನ್ನು ತಿಕ್ಕಿ ತೊಳೆದು, ಮಧ್ಯಾಹ್ನದ ನಮಾಜು ಮುಗಿಸಿ ಬರುತ್ತಿದ್ದ. ಯಾರ ದನಿಯನ್ನಾದರೂ ಅಣಕಿಸುವ ಗಂಟಲು ಅವನದು. ಒಬ್ಬ ದೂತನಿಗೆ ಲಾರಿಯ ದನಿ ಕೊಟ್ಟ, ಇನ್ನೊಬ್ಬನಿಗೆ ಸೈಲೆನ್ಸರ್ ಕಿತ್ತುಹೋದ ಸ್ಕೂಟರಿನದು. ತೌಬಾ, ನಿನ್ನ ಪಾಳಿ ಬಂದಾಗ ಅವರು ಇದನ್ನ ಮರೆತಿರಲ್ಲ ನೋಡು ಎಂದು ಅಕ್ಕ ಬೈದರೆ, ಭಾವನ ಕೈಲೇ ಪಾಸಾಗದವನು ನಾನು, ಅವರ ಕೈಲಿ ಆಗ್ತೀನಾ ಎನ್ನುತ್ತಿದ್ದ. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಅವನ ಕಾಲುಚೀಲದಿಂದ ಚೀಟಿ ಎಳೆದು ಹೊರಗೆ ಕಳಿಸಿದ್ದು ಇದೇ ಭಾವ. ಸ್ವಂತ ಅತ್ತೆ ಬಂದು ಅತ್ತರೂ ಅಲ್ಲಾಡಿರಲಿಲ್ಲ.

ನಿನ್ನೆಯವರೆಗೆ ಮೇಷ್ಟ್ರು ಎಡವುತ್ತಿದ್ದುದು ಮೂರನೆಯದರಲ್ಲಿ. ಇವತ್ತು ಮೊದಲನೆಯದಕ್ಕೇ ನಿಂತುಬಿಟ್ಟರು.

ಮೆಕ್ಯಾನಿಕ್ ಮತ್ತೆ ಕೇಳಿದ. ಲಾರಿ ಸ್ವಲ್ಪ ಮೆತ್ತಗಾಗಿತ್ತು. ಮೇಷ್ಟ್ರು ಛಾವಣಿ ನೋಡಿದರು, ಉಗುರು ನೋಡಿಕೊಂಡರು. "ಗೊತ್ತಿತ್ತು," ಎಂದರು. "ನಾಲಿಗೆ ತುದೀಲೇ ಇದೆ." ಹಣೆಯಲ್ಲಿ ಬೆವರು ಮೂಡಿತ್ತು. ಪಾಠ ಬಾರದ ಹುಡುಗನ ಹಾಗೆ ಲುಂಗಿಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು.

ಅಕ್ಕನಿಗೆ ತಡೆಯಲಾಗಲಿಲ್ಲ. ಮೊರವನ್ನು ಬದಿಗಿಟ್ಟು ಬಂದು, ತಮ್ಮನ ಹೆಗಲ ಹಿಂದೆ ನಿಂತು, ಸದ್ದಿಲ್ಲದೆ ತುಟಿಯಾಡಿಸಿದಳು. ಅಲ್ಲಾಹ್.

ಮೇಷ್ಟ್ರ ಕಣ್ಣು ಚುರುಕಾಯಿತು. ಅಕ್ಕ ಎಷ್ಟೋ ದಿನದಿಂದ ಕಂಡಿರದ ಕಣ್ಣು. ಮಂಡಿ ಹಿಡಿದುಕೊಂಡೇ ಎದ್ದು ನಿಂತರು.

"ಹೇಳಿಕೊಡಬಾರದು. ನೀವು ಯಾರ ತಾಯಿಯಾದರೂ ಸರಿ. ಹೊರಗೆ ನಡೀರಿ."

ಅವಳು ನಡೆದಳು. ಹೊಸ್ತಿಲು ದಾಟಿ, ಬಾಗಿಲ ಆಚೆ ನಿಂತಳು.

ಮೆಕ್ಯಾನಿಕ್‌ಗೆ ರೇಗಿತು. ಲಾರಿಯನ್ನೂ ಸ್ಕೂಟರನ್ನೂ ಬಿಟ್ಟು ತನ್ನ ಸ್ವಂತ ದನಿಗೆ ಬಂದ. "ಹೇಳಿಕೊಟ್ಟರೆ ಏನಾಯ್ತು ಭಾವ? ಅಕ್ಕ ಪಾಪ, ನಿಮಗೋಸ್ಕರ ತಾನೆ ಒದ್ದಾಡ್ತಿರೋದು. ಮನೇಲಿ ಇರೋರು ನಾವೇ. ಇಲ್ಲಿ ಸ್ಕ್ವಾಡ್ ಬರುತ್ತಾ? ಯಾರು ನೋಡ್ತಾರೆ?"

ಕೊನೇ ಬೆಂಚಿನ ದಡ್ಡನನ್ನು ನೋಡುವ ಮರುಕದಿಂದ ಮೇಷ್ಟ್ರು ಅವನನ್ನು ನೋಡಿದರು. ಇಷ್ಟೂ ಗೊತ್ತಿಲ್ಲವಲ್ಲ ಎಂಬಂತೆ.

"ಅವನು ನೋಡ್ತಾನಲ್ಲ."

"ಯಾರು?"

ಬಲಗೈಯ ತೋರುಬೆರಳು ನಿಧಾನವಾಗಿ ಮೇಲೆದ್ದಿತು. ತುಟಿ ಹೆಸರಿಗಾಗಿ ಹುಡುಕಿತು, ಸಿಗಲಿಲ್ಲ. ಬಾಗಿಲ ಆಚೆ ಅಕ್ಕ ಸೆರಗನ್ನು ಬಾಯಿಗೊತ್ತಿ ಹಿಡಿದಿದ್ದಳು. ಮೆಕ್ಯಾನಿಕ್ ಎರಡನೇ ಪ್ರಶ್ನೆಯನ್ನು ಕೈಬಿಟ್ಟು, ಆ ಬೆರಳು ತೋರಿದ ಕಡೆ ತಲೆಯೆತ್ತಿದ.

ಹೆಸರು ಬರಲೇ ಇಲ್ಲ. ಎತ್ತಿದ ಬೆರಳನ್ನು ಮೇಷ್ಟ್ರು ಇಳಿಸಲೂ ಇಲ್ಲ.